ಕಾಸ್ಟಿಕ್ ಹೆಚ್ಚಿಸಿದಷ್ಟೂ ಬಿಟುಮೆನ್ ಕಡಿಮೆ ಬರುತ್ತಿದೆ, ಏಕೆ?

ಪ್ರಶ್ನೆ: ಕೆಮಿಕಲ್ ಎಂಜಿನಿಯರಿಂಗ್ ಓದಿ, ಕೆನಡಾದ ಎಡ್ಮಂಟನ್‌ನಲ್ಲಿ ತೈಲಮರಳಿನ ಪ್ರಯೋಗಾಲಯವೊಂದಕ್ಕೆ ಸೇರಿ ಎಂಟು ತಿಂಗಳಾಯಿತು. ಅಥಬಾಸ್ಕಾ ಗಣಿಯಿಂದ ಬಂದ ಒಂದು ಅದಿರಿನ ಮೇಲೆ ಕೆಲಸ ಮಾಡುತ್ತಿದ್ದೇನೆ. ಅದರಲ್ಲಿ ಬಿಟುಮೆನ್, ಅಂದರೆ ಮರಳಿಗೆ ಅಂಟಿರುವ ಟಾರಿನಂಥ ದಪ್ಪ ತೈಲ, ಶೇ. 8.5. ಮರಳಿನಲ್ಲಿ 44 ಮೈಕ್ರಾನ್‌ಗಿಂತ ಸಣ್ಣ ಕಣಗಳು, ಅಂದರೆ ಫೈನ್ಸ್, ಶೇ. 30ರ ಹತ್ತಿರ. ನೀರು ಗಣಿಯವರೇ ಕಳಿಸಿದ ಮರುಬಳಕೆಯ ನೀರು. 50 ಡಿಗ್ರಿಯಲ್ಲಿ, ಅದಿರಿನ ತೂಕದ ಶೇ. 0.02ರಷ್ಟು ಕಾಸ್ಟಿಕ್ ಸೋಡಾ ಹಾಕಿದಾಗ ರಿಕವರಿ, ಅಂದರೆ ಅದಿರಿನಲ್ಲಿದ್ದ ಬಿಟುಮೆನ್ನಿನಲ್ಲಿ ಕೈಗೆ ಬಂದ ಪಾಲು, ಶೇ. 62. ಕಾಸ್ಟಿಕ್ ಸಾಲದೇನೋ ಎಂದು 0.05ಕ್ಕೆ, ಆಮೇಲೆ 0.08ಕ್ಕೆ ಏರಿಸಿದೆ. ರಿಕವರಿ 57ಕ್ಕೆ, ನಂತರ 49ಕ್ಕೆ ಇಳಿಯಿತು. ನೀರನ್ನು 75 ಡಿಗ್ರಿಗೆ ಕಾಯಿಸಿದರೆ ಸ್ವಲ್ಪ ಚೇತರಿಸುತ್ತದೆ, ಅಷ್ಟೇ. ಮೊದಲ ತಿಂಗಳು ಇದೇ ಅದಿರು ಶೇ. 70 ದಾಟಿತ್ತು. ಅದಿರು ಮುಚ್ಚಳದ ಬಕೆಟ್‌ನಲ್ಲಿ ಲ್ಯಾಬಿನಲ್ಲೇ ಇದೆ. ಹಿರಿಯ ಸಹೋದ್ಯೋಗಿಯೊಬ್ಬರು "ಬಡ ಅದಿರು, ಬರೋದೇ ಇಷ್ಟು" ಅನ್ನುತ್ತಾರೆ. ನೀರೇ ಬೇಡದ ದ್ರಾವಕ ವಿಧಾನದಲ್ಲಿ ಶೇ. 99 ಬರುತ್ತದೆ ಎಂದೂ ಓದಿದೆ. ನಾನು ಎಡವಿದ್ದೆಲ್ಲಿ? ದ್ರಾವಕದ ದಾರಿ ಹಿಡಿಯಲೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲಿನಿಂದ ಗೆರೆ ಎಳೆದದ್ದು ಒಂದೇ ಸಾಲಿನ ಕೆಳಗೆ: "ಮೊದಲ ತಿಂಗಳು ಇದೇ ಅದಿರು ಶೇ. 70 ದಾಟಿತ್ತು." ಅದಕ್ಕೆ ಆಮೇಲೆ ಬರುತ್ತೇನೆ. ನೀವು ಕೇಳಿರುವುದು ಮೂರು ಪ್ರಶ್ನೆ. ಕಾಸ್ಟಿಕ್ ಏಕೆ ತಿರುಗಿಬಿತ್ತು, ಈ ಅದಿರಿನ ಯೋಗ್ಯತೆ ಇಷ್ಟೇ ಏನು, ನೀರಿನ ವಿಧಾನವನ್ನೇ ಬಿಡಬೇಕೆ? ಕೊನೆಯ ಎರಡಕ್ಕೆ ನನ್ನ ಉತ್ತರ "ಇಲ್ಲ". ಮೊದಲನೆಯದನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ನೀವು ಮಾಡಿದ ತಪ್ಪನ್ನು ಕಾರ್ಖಾನೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿದವರಲ್ಲಿ ನಾನೂ ಒಬ್ಬ.

ಮೊದಲು ಮರಳನ್ನು ನೋಡಿ

ರಿಕವರಿ ಎಂಬ ಒಂದೇ ಅಂಕಿಯನ್ನು ಹಿಡಿದು ಕೂತರೆ ಈ ಗಂಟು ಬಿಚ್ಚುವುದಿಲ್ಲ. ಮರಳಿನಿಂದ ನೊರೆಯವರೆಗೆ ಬಿಟುಮೆನ್ ದಾಟಬೇಕಾದ ಹಂತಗಳು ಹಲವು. ಅದಿರಿನ ಹೆಂಟೆ ಬಿಸಿನೀರಿನಲ್ಲಿ ಪದರ ಪದರವಾಗಿ ಸವೆದು ಒಡೆಯಬೇಕು. ಒಂದೊಂದು ಮರಳಿನ ಕಾಳಿಗೂ ಮೆತ್ತಿಕೊಂಡ ಬಿಟುಮೆನ್ ಪದರ ಹರಿದು, ಹಿಂದೆ ಸರಿದು, ಗುಂಡನೆಯ ಹನಿಯಾಗಿ ಕಾಳನ್ನು ಬಿಡಬೇಕು. ಬಿಟ್ಟ ಹನಿಗೆ ಗಾಳಿಗುಳ್ಳೆ ಅಂಟಬೇಕು. ಗುಳ್ಳೆ ಹೊತ್ತ ಹನಿ ಮೇಲೆದ್ದು ನೊರೆಯಾಗಿ ಸೇರಬೇಕು. ಗಾಳಿ ಬೇಕಾಗುವುದು ಬಿಟುಮೆನ್ನಿನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ. ಕಾಳನ್ನು ಬಿಟ್ಟು ಬಂದ ಮೇಲೂ ಅದು ತಾನಾಗಿ ತೇಲುವುದಿಲ್ಲ, ತಾನಾಗಿ ಮುಳುಗುವುದೂ ಇಲ್ಲ, ನಡುನೀರಿನಲ್ಲಿ ಅಲೆಯುತ್ತಿರುತ್ತದೆ.

ಇಲ್ಲಿ ಒಂದು ತೊಡಕಿದೆ. ಕಾಳನ್ನು ಬಿಡುವುದಕ್ಕೆ ಬೇಕಾದ ಗುಣ ಒಂದು, ಗುಳ್ಳೆಗೆ ಅಂಟುವುದಕ್ಕೆ ಬೇಕಾದ ಗುಣ ಅದಕ್ಕೆ ವಿರುದ್ಧ. ಬಿಟುಮೆನ್ ಕಾಳಿನಿಂದ ಕಳಚಿಕೊಳ್ಳಬೇಕಾದರೆ ನೀರಿನೊಂದಿಗೆ ಅದು ಹೊಂದಿಕೊಳ್ಳಬೇಕು. ಗುಳ್ಳೆಗೆ ಅಂಟಬೇಕಾದರೆ ನೀರನ್ನು ದೂರ ತಳ್ಳಬೇಕು. ನೀವು ಹಾಕುವ ಪ್ರತಿಯೊಂದು ರಾಸಾಯನಿಕವೂ ಈ ಎರಡರಲ್ಲಿ ಒಂದಕ್ಕೆ ಅನುಕೂಲ ಮಾಡಿ ಇನ್ನೊಂದಕ್ಕೆ ತೊಂದರೆ ಕೊಡುತ್ತದೆ. ಆದ್ದರಿಂದ ಕೈಗೆ ಬಾಟಲಿ ತೆಗೆದುಕೊಳ್ಳುವ ಮೊದಲು ಯಾವ ಹಂತ ಕೈಕೊಟ್ಟಿದೆ ಅನ್ನುವುದು ಗೊತ್ತಾಗಬೇಕು.

ಅದಕ್ಕೆ ದುಬಾರಿ ಉಪಕರಣ ಬೇಡ. ಪ್ರಯೋಗ ಮುಗಿದ ಮೇಲೆ ಸೆಲ್ಲಿನ, ಅಂದರೆ ನೀವು ಅದಿರು ಕಲಕುವ ಪಾತ್ರೆಯ, ತಳದಲ್ಲಿ ಉಳಿದ ಮರಳನ್ನು ಒಂದು ಚಮಚ ತೆಗೆಯಿರಿ. ತಣ್ಣೀರಿನಲ್ಲಿ ಮೆಲ್ಲಗೆ ಒಮ್ಮೆ ಅಲುಗಿಸಿ ಬಸಿಯಿರಿ. ಬಿಳಿ ಪಿಂಗಾಣಿ ತಟ್ಟೆಯ ಮೇಲೆ ತೆಳ್ಳಗೆ ಹರಡಿ, 20 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಾಳು ಕಾಳು ಸೇರುವ ಮೂಲೆಗಳಲ್ಲಿ ಕಪ್ಪು ಟೊಪ್ಪಿಗೆಯಂತೆ ಬಿಟುಮೆನ್ ಕೂತಿದ್ದರೆ, ಎರಡು ಮೂರು ಕಾಳುಗಳು ಅದರಿಂದಲೇ ಅಂಟಿ ಗೊಂಚಲಾಗಿದ್ದರೆ, ನಿಮ್ಮ ಸೋಲು ಕಳಚುವ ಹಂತದಲ್ಲಿ. ಕಾಳುಗಳು ಒಡೆದ ಗಾಜಿನ ಚೂರಿನಂತೆ ಶುಭ್ರವಾಗಿ ಹೊಳೆಯುತ್ತಿದ್ದು, ಸೆಲ್ಲಿನ ನಡುವಿನ ನೀರು ಮಾತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ, ಬಿಟುಮೆನ್ ಕಳಚಿದೆ, ಆದರೆ ಗುಳ್ಳೆಗೆ ಅಂಟಿಲ್ಲ. ಆ ಕಾಫಿ ಬಣ್ಣದ ನೀರಿನ ಒಂದು ತೊಟ್ಟನ್ನೂ ಗಾಜಿನ ಪಟ್ಟಿಯ ಮೇಲಿಟ್ಟು 200 ಪಟ್ಟು ಹಿಗ್ಗಿಸಿ ನೋಡಿ. ಕಪ್ಪು ಹನಿಯ ಅಂಚು ಚೂಪಾಗಿ ನುಣುಪಾಗಿದ್ದರೆ ಹನಿಗೆ ಹೊದಿಕೆ ಬಿದ್ದಿಲ್ಲ ಎಂದರ್ಥ. ಬೂದು ಬಣ್ಣದ ದೊರಗು ಹೊದಿಕೆ ಹೊದ್ದಂತೆ ಕಂಡರೆ ಅದು ಜೇಡಿ, ಅದರ ಅರ್ಥವೇ ಬೇರೆ.

ನಿಮ್ಮ ಅಂಕಿಗಳನ್ನು ನೋಡಿದರೆ ಎರಡು ತೊಂದರೆ ಒಟ್ಟಿಗೆ ಸೇರಿಕೊಂಡಿವೆ ಅನ್ನಿಸುತ್ತದೆ. 70 ಇದ್ದದ್ದು 62ಕ್ಕೆ ಇಳಿದದ್ದಕ್ಕೆ ಒಂದು ಕಾರಣ, 62 ಇದ್ದದ್ದು 49ಕ್ಕೆ ಬಿದ್ದದ್ದಕ್ಕೆ ಇನ್ನೊಂದು. ಎರಡನ್ನೂ ಒಂದೇ ಮದ್ದಿನಿಂದ ಗುಣಪಡಿಸಲು ಹೊರಟದ್ದರಿಂದ ಗೊಂದಲವಾಯಿತು.

ಕಾಸ್ಟಿಕ್ ನಿಜವಾಗಿ ಮಾಡುವುದೇನು

ಕಾಸ್ಟಿಕ್ ಮರಳನ್ನು ತೊಳೆಯುತ್ತದೆ, ಹೆಚ್ಚು ಹಾಕಿದರೆ ಹೆಚ್ಚು ತೊಳೆಯುತ್ತದೆ ಎಂಬ ನಂಬಿಕೆ ಅನುಭವಿಗಳಲ್ಲೂ ಇದೆ. ತೊಳೆಯುವ ಕೆಲಸ ಅದರದ್ದಲ್ಲ. ಬಿಟುಮೆನ್ನಿನ ಒಳಗೇ ನ್ಯಾಫ್ತೀನಿಕ್ ಆಮ್ಲಗಳೆಂಬ ಸಾವಯವ ಆಮ್ಲಗಳಿವೆ. ಕಾಸ್ಟಿಕ್ ಸೋಡಾ ಅವುಗಳನ್ನು ಸೋಡಿಯಂ ಲವಣಗಳಾಗಿ, ಸರಳವಾಗಿ ಹೇಳುವುದಾದರೆ ಸಾಬೂನಾಗಿ ಬದಲಿಸುತ್ತದೆ. ತೊಳೆಯುವುದು ಆ ಸಾಬೂನು. ಅದು ಬರುವುದು ನಿಮ್ಮ ಬಾಟಲಿಯಿಂದಲ್ಲ, ಅದಿರಿನಿಂದ. ಹೀಗಾಗಿ ಎಲ್ಲ ಅದಿರಿಗೂ ಒಂದೇ ಅಳತೆ ಎಂಬುದಿಲ್ಲ. ಫೈನ್ಸ್ ಕಡಿಮೆಯಿರುವ ಒಳ್ಳೆಯ ಅದಿರು ಕಾಸ್ಟಿಕ್ ಇಲ್ಲದೆಯೇ ಶೇ. 90 ಕೊಡುವುದುಂಟು. ಜೇಡಿ ಹೆಚ್ಚಿರುವ ಅದಿರಿಗೆ ಸ್ವಲ್ಪ ಬೇಕಾಗುತ್ತದೆ. ಸ್ಲರಿಯ, ಅಂದರೆ ಅದಿರು ನೀರು ಕಲಸಿದ ರಾಡಿಯ, ಪಿಎಚ್ ಸಾಮಾನ್ಯವಾಗಿ 8ರಿಂದ 9ರ ಆಸುಪಾಸಿನಲ್ಲಿದ್ದರೆ ಕೆಲಸ ಸರಾಗ.

ಕಾಸ್ಟಿಕ್ ಪ್ರಮಾಣಕ್ಕೆ ಎದುರಾಗಿ ರಿಕವರಿಯನ್ನು ಗೆರೆ ಎಳೆದರೆ ಅದು ಬೆಟ್ಟದ ಆಕಾರ ತಾಳುತ್ತದೆ, ಏರಿ, ತುದಿ ಮುಟ್ಟಿ, ಇಳಿಯುತ್ತದೆ. ನೀವು ಅಳೆದ 0.05, 0.08 ಎರಡೂ ತುದಿಯ ಆಚೆಯ ಇಳಿಜಾರಿನಲ್ಲಿವೆ. ತುದಿ 0.02ರ ಹತ್ತಿರ ಇರಬಹುದು, ಅದಕ್ಕಿಂತ ಕೆಳಗೂ ಇರಬಹುದು. ನೀವು ಸೊನ್ನೆಯನ್ನೂ 0.01ನ್ನೂ ಅಳೆದಿಲ್ಲ.

ಇಳಿಜಾರಿನಲ್ಲಿ ಆಗುವುದು ಇಷ್ಟು. ಸಾಬೂನು ಮಿತಿಮೀರಿದಾಗ ಅದು ಬಿಟುಮೆನ್ ಹನಿಯ ಮೈಯನ್ನೂ ಗಾಳಿಗುಳ್ಳೆಯ ಮೈಯನ್ನೂ ತುಂಬಿಬಿಡುತ್ತದೆ. ಎರಡೂ ಋಣ ವಿದ್ಯುದಂಶ ಹೊತ್ತು ಒಂದನ್ನೊಂದು ದೂಡುತ್ತವೆ. ಜೊತೆಗೆ ಬಿಟುಮೆನ್ ಮತ್ತು ನೀರಿನ ನಡುವಿನ ಮೇಲ್ಮೈ ಎಳೆತ ಕುಸಿದು, ಹನಿಗಳು ಒಡೆದು ಒಡೆದು ಕೆಲವೇ ಮೈಕ್ರಾನ್ ಗಾತ್ರಕ್ಕಿಳಿಯುತ್ತವೆ. ಅಷ್ಟು ಚಿಕ್ಕ ಹನಿ ಗುಳ್ಳೆಗೆ ಡಿಕ್ಕಿ ಹೊಡೆಯುವುದಿಲ್ಲ, ಗುಳ್ಳೆಯನ್ನು ಬಳಸಿ ಹರಿಯುವ ನೀರಿನೊಂದಿಗೆ ಪಕ್ಕಕ್ಕೆ ಸರಿದುಹೋಗುತ್ತದೆ. ಮೂರನೆಯ ಹೊಡೆತ ಜೇಡಿಯಿಂದ. ಕಾಸ್ಟಿಕ್ ಜೇಡಿಯ ಕಣಗಳನ್ನು ಬಿಡಿ ಬಿಡಿಯಾಗಿ ಚದುರಿಸುತ್ತದೆ. ಚದುರಿದ ಜೇಡಿ ನಡುನೀರನ್ನು ಗಂಜಿಯಂತೆ ಮಂದ ಮಾಡುತ್ತದೆ. ಆ ಗಂಜಿಯಲ್ಲಿ ಗುಳ್ಳೆ ಹೊತ್ತ ಹನಿಯೂ ಮೇಲೇಳಲು ತಿಣುಕಬೇಕು.

ಈ ಗಂಜಿಯನ್ನು ಕಣ್ಣಾರೆ ಕಂಡ ಒಂದು ರಾತ್ರಿ ನನಗೆ ಮರೆತಿಲ್ಲ. ತೈಲಮರಳಿನ ಗಣಿಗಳ ಊರಾದ ಫೋರ್ಟ್ ಮೆಕ್‌ಮರೆಯ ಉತ್ತರಕ್ಕೆ, ಚಳಿಗಾಲದ ನಡುವೆ, ಗಣಿಯ ಹೊಸ ಮುಖದಿಂದ ಜೇಡಿ ತುಂಬಿದ ಅದಿರು ಬರತೊಡಗಿತ್ತು. ಪ್ರಾಥಮಿಕ ಸೆಪರೇಶನ್ ವೆಸೆಲ್ಲಿನ, ಅಂದರೆ ನೊರೆ ಮೇಲೆ ಬಂದು ಮರಳು ಕೆಳಗಿಳಿಯುವ ದೊಡ್ಡ ತೊಟ್ಟಿಯ, ಪಕ್ಕದ ಗಾಜಿನ ಕಿಂಡಿಯಲ್ಲಿ ಎಂದೂ ಗೀಟು ಎಳೆದಂತೆ ಕಾಣುತ್ತಿದ್ದ ನೊರೆಯ ಗಡಿ ಮೊದಲು ಮಸುಕಾಯಿತು, ಆಮೇಲೆ ಕಾಣದಾಯಿತು. ರಿಕವರಿ ಇಳಿಯುತ್ತಿದೆಯೆಂದು ಕಾಸ್ಟಿಕ್ ಏರಿಸಿದೆವು. ಇನ್ನೂ ಇಳಿಯಿತು, ಇನ್ನಷ್ಟು ಏರಿಸಿದೆವು. ಎರಡು ಸಲವೂ ಒಪ್ಪಿಗೆ ಕೊಟ್ಟವನು ನಾನೇ. ನಡುನೀರಿನ ಮಾದರಿಯನ್ನು ಅಳತೆಯ ಜಾಡಿಗೆ ತುಂಬಿ ಮೇಜಿನ ಮೇಲಿಟ್ಟರೆ ಅರ್ಧ ಗಂಟೆಯಾದರೂ ಮೇಲೆ ಒಂದು ಬೆರಳು ತಿಳಿನೀರು ಬಿಡಲಿಲ್ಲ. ಪಾಳಿಯ ಹಿರಿಯ ಆಪರೇಟರ್ ಆ ಜಾಡಿಯನ್ನು ನನ್ನ ಮುಂದಿಟ್ಟು ಏನೂ ಹೇಳದೆ ನಿಂತರು. ಕಾಸ್ಟಿಕ್ ನಿಲ್ಲಿಸಿ, ವೆಸೆಲ್ಲಿಗೆ ಹೋಗುವ ಸ್ಲರಿಗೆ ನೀರು ಹೆಚ್ಚಿಸಿ, ನಡುನೀರನ್ನು, ಗಾಳಿ ಊದಿ ಉಳಿದ ಬಿಟುಮೆನ್ನನ್ನು ತೇಲಿಸುವ ಫ್ಲೋಟೇಶನ್ ಸೆಲ್‌ಗಳ ಕಡೆಗೆ ಜಾಸ್ತಿ ಎಳೆದೆವು. ಗಡಿ ಮತ್ತೆ ಮೂಡಿದ್ದು ಬೆಳಗಿನ ಪಾಳಿಯವರು ಬರುವ ಹೊತ್ತಿಗೆ. ಅಂದಿನಿಂದ ರಿಕವರಿಯ ಅಂಕಿಗಿಂತ ಮೊದಲು ಆ ಜಾಡಿಯನ್ನು ಕೇಳಿ ತರಿಸುವುದು ನನಗೆ ರೂಢಿಯಾಯಿತು. ನೀವೂ ಹಾಗೆ ಮಾಡಿ, ಪ್ರತಿ ಪ್ರಯೋಗದ ನಡುನೀರನ್ನು ಜಾಡಿಯಲ್ಲಿಟ್ಟು ಎಷ್ಟು ಬೇಗ ತಿಳಿಯಾಗುತ್ತದೆ ನೋಡಿ.

ಗಡಸು ನೀರು, ಊದುವ ಜೇಡಿ

ಗಡಸು ನೀರಿನಲ್ಲಿ ಸಾಬೂನು ನೊರೆ ಕಟ್ಟುವುದಿಲ್ಲ, ಬದಲಿಗೆ ಬಿಳಿ ಗಷ್ಟು ಬರುತ್ತದೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಕರಗದ ಲವಣವಾಗಿಸುತ್ತವೆ. ನಿಮ್ಮ ಸೆಲ್ಲಿನಲ್ಲೂ ಅದೇ ರಸಾಯನ ನಡೆಯುತ್ತದೆ. ಆದರೆ ಇಲ್ಲಿ ಅದರ ಜೊತೆಗೆ ಇನ್ನೊಂದು ಕೇಡು ಸೇರುತ್ತದೆ.

ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಜೇಕಬ್ ಮಸ್ಲಿಯಾ, ಜೆಂಗ್‌ಹೆ ಶು ಮತ್ತು ಸಂಗಡಿಗರು 2000ದ ಆಸುಪಾಸಿನಲ್ಲಿ ಮಾಡಿದ ಕೆಲಸ ಈ ವಿಷಯದಲ್ಲಿ ನಮ್ಮೆಲ್ಲರ ಕಣ್ಣು ತೆರೆಸಿತು. ಒಳ್ಳೆಯ ಅದಿರಿಗೆ ಕ್ಯಾಲ್ಸಿಯಂ ಮಾತ್ರ ಸೇರಿಸಿದಾಗ ರಿಕವರಿಗೆ ದೊಡ್ಡ ಪೆಟ್ಟು ಬೀಳಲಿಲ್ಲ. ಜೇಡಿ ಮಾತ್ರ ಸೇರಿಸಿದಾಗಲೂ ಬೀಳಲಿಲ್ಲ. ಕ್ಯಾಲ್ಸಿಯಂ ಜೊತೆಗೆ ಮಾಂಟ್‌ಮೊರಿಲೊನೈಟ್ ಎಂಬ ಊದುವ ಜೇಡಿ ಸೇರಿದಾಗ ರಿಕವರಿ ಕುಸಿಯಿತು. ಕಯೋಲಿನೈಟ್, ಇಲ್ಲೈಟ್ ಜೇಡಿಗಳು ಅಷ್ಟು ಕಾಡಲಿಲ್ಲ. ಜೇಡಿಯ ಮೈಯೂ ಬಿಟುಮೆನ್ನಿನ ಮೈಯೂ ಋಣ ವಿದ್ಯುದಂಶದವು, ಸಹಜವಾಗಿ ಒಂದನ್ನೊಂದು ದೂಡಬೇಕು. ಎರಡು ಧನಾಂಶವುಳ್ಳ ಕ್ಯಾಲ್ಸಿಯಂ ನಡುವೆ ನಿಂತು ಒಂದು ಕೈಯಲ್ಲಿ ಜೇಡಿಯನ್ನೂ ಇನ್ನೊಂದು ಕೈಯಲ್ಲಿ ಬಿಟುಮೆನ್ನನ್ನೂ ಹಿಡಿಯುತ್ತದೆ. ಹನಿಯ ಸುತ್ತ ಜೇಡಿಯ ಹೊದಿಕೆ ಬೀಳುತ್ತದೆ. ನೀರನ್ನು ಪ್ರೀತಿಸುವ ಆ ಹೊದಿಕೆಗೆ ಗುಳ್ಳೆ ಅಂಟುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಹುಡುಕಿ ಎಂದು ನಾನು ಹೇಳಿದ ಬೂದು ಹೊದಿಕೆ ಇದೇ.

ನೀವು ಬಳಸುತ್ತಿರುವುದು ಮರುಬಳಕೆಯ ನೀರು. ಗಣಿಗಳು ಟೇಲಿಂಗ್ಸ್ ಕೊಳದಿಂದ, ಅಂದರೆ ಬಿಟುಮೆನ್ ತೆಗೆದು ಉಳಿದ ಮರಳು, ಜೇಡಿ, ನೀರನ್ನು ಬಿಡುವ ಕೊಳದಿಂದ, ಎತ್ತಿದ ನೀರನ್ನೇ ಮತ್ತೆ ಮತ್ತೆ ತಿರುಗಿಸುವುದರಿಂದ ವರ್ಷದಿಂದ ವರ್ಷಕ್ಕೆ ಅದರಲ್ಲಿ ಲವಣ ಏರುತ್ತದೆ. ಟೇಲಿಂಗ್ಸ್ ಬೇಗ ಗಟ್ಟಿಯಾಗಲೆಂದು ಜಿಪ್ಸಂ ಹಾಕುವ ಕಡೆ ಕ್ಯಾಲ್ಸಿಯಂ ಇನ್ನಷ್ಟು ಸೇರುತ್ತದೆ. ನೀರಿನ ಡಬ್ಬಿಯ ಮೇಲಿನ ಚೀಟಿಯನ್ನು ನಂಬಬೇಡಿ. ನಿಮ್ಮಲ್ಲಿಗೆ ಬಂದ ಮೇಲೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಅಳೆಯಿರಿ. ಜೇಡಿ ಯಾವ ಜಾತಿಯದೆಂದು ಎಕ್ಸ್‌ರೇ ವಿವರ್ತನದಲ್ಲಿ ನೋಡಿಸಿ. ಫೈನ್ಸ್ ಶೇ. 30 ಎಂಬ ಸಂಖ್ಯೆ ಎಷ್ಟು ಎಂದು ಹೇಳುತ್ತದೆಯೇ ಹೊರತು ಏನು ಎಂದು ಹೇಳುವುದಿಲ್ಲ. 30ರಲ್ಲಿ ಬಹುಪಾಲು ಬರಿಯ ನುಣ್ಣನೆ ಮರಳಿನ ಹಿಟ್ಟಾಗಿದ್ದರೆ ಹೆದರಬೇಕಾದ್ದಿಲ್ಲ. ಒಂದೆರಡು ಭಾಗ ಊದುವ ಜೇಡಿಯಾಗಿದ್ದರೆ ಹೆದರಬೇಕು.

ಈಗ ಆ ಬಕೆಟ್ಟಿನ ವಿಷಯ

ಅಥಬಾಸ್ಕಾದ ಮರಳಿಗೆ ಒಂದು ಭಾಗ್ಯವಿದೆ. ಕಾಳಿನ ಮೈಗೂ ಬಿಟುಮೆನ್ನಿಗೂ ನಡುವೆ ಸುಮಾರು 10 ನ್ಯಾನೊಮೀಟರ್ ದಪ್ಪದ ನೀರಿನ ಪೊರೆ ಇದೆ ಎಂಬುದು ಬಹುಕಾಲದಿಂದ ಒಪ್ಪಿಕೊಂಡು ಬಂದ ವಿವರಣೆ. ಕಾಳು ನೀರಿಗೆ ಒಲಿದಿರುವುದರಿಂದಲೇ ಬಿಸಿನೀರು ಇಷ್ಟು ಸುಲಭವಾಗಿ ಬಿಟುಮೆನ್ನನ್ನು ಕಳಚುತ್ತದೆ. ಅಮೆರಿಕದ ಯೂಟಾದ ತೈಲಮರಳಿನಲ್ಲಿ ಬಿಟುಮೆನ್ ನೇರ ಕಾಳಿಗೇ ಅಂಟಿರುವುದರಿಂದ ಇದೇ ವಿಧಾನ ಅಲ್ಲಿ ಹೆಣಗಾಡುತ್ತದೆ.

ಬಕೆಟ್ಟಿನಲ್ಲಿ ಏಳೆಂಟು ತಿಂಗಳು ಕೂತ ಅದಿರು ಈ ಭಾಗ್ಯವನ್ನು ಕಳೆದುಕೊಳ್ಳುತ್ತದೆ. ಮುಚ್ಚಳ ತೆಗೆದು ಹಾಕಿದಾಗಲೆಲ್ಲ ಸ್ವಲ್ಪ ಸ್ವಲ್ಪ ತೇವ ಆರುತ್ತದೆ. ಪೊರೆ ಹರಿದಲ್ಲಿ ಬಿಟುಮೆನ್ ಕಾಳಿಗೆ ಮೆತ್ತಿಕೊಳ್ಳುತ್ತದೆ, ಒಮ್ಮೆ ಮೆತ್ತಿಕೊಂಡದ್ದು ಸುಲಭಕ್ಕೆ ಬಿಡುವುದಿಲ್ಲ. ಅದಿರಿನಲ್ಲಿರುವ ಪೈರೈಟ್ ಎಂಬ ಗಂಧಕದ ಖನಿಜ ಗಾಳಿ ತಾಗಿ ಸಲ್ಫೇಟ್ ಮತ್ತು ಆಮ್ಲವಾಗುತ್ತದೆ. ಆ ಆಮ್ಲ ಕಾರ್ಬೊನೇಟ್ ಖನಿಜಗಳನ್ನು ಕರಗಿಸಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಿಡುಗಡೆ ಮಾಡುತ್ತದೆ. ಗಣಿಯ ಮೇಲ್ಪದರದಲ್ಲಿ ಗಾಳಿ ಮಳೆಗೆ ಸಿಕ್ಕಿ ಹಳಸಿದ ಅದಿರಿಗೂ ಇದೇ ಗತಿ, ಅದನ್ನು ಸಂಸ್ಕರಿಸುವುದು ಯಾವ ಕಾರ್ಖಾನೆಗೂ ತಲೆನೋವು. ನೀವು ಅದನ್ನು ಲ್ಯಾಬಿನ ಮೂಲೆಯಲ್ಲಿ ತಯಾರಿಸಿದ್ದೀರಿ. 70ರಿಂದ 62ಕ್ಕೆ ಇಳಿದದ್ದಕ್ಕೆ ಇದೇ ಕಾರಣ ಎಂಬುದು ನನ್ನ ಬಲವಾದ ಅನುಮಾನ.

ಪರೀಕ್ಷಿಸುವುದು ಸುಲಭ. 100 ಗ್ರಾಂ ಅದಿರನ್ನು ಅಷ್ಟೇ ತೂಕದ ಅಯಾನುರಹಿತ ನೀರಿನಲ್ಲಿ ಕಲಕಿ, ಸೋಸಿ, ನೀರಿನ ಪಿಎಚ್, ವಿದ್ಯುದ್ವಾಹಕತೆ, ಕ್ಯಾಲ್ಸಿಯಂ, ಸಲ್ಫೇಟ್ ಅಳೆಯಿರಿ. ಗಣಿಯಿಂದ ಅದೇ ಮುಖದ ಹೊಸ ಮಾದರಿ ತರಿಸಿ ಅದರೊಂದಿಗೆ ಹೋಲಿಸಿ. ಹಳೆಯದರ ಪಿಎಚ್ ತಗ್ಗಿ, ಸಲ್ಫೇಟ್ ಏರಿದ್ದರೆ ಆ ಬಕೆಟ್ಟನ್ನು ಪಕ್ಕಕ್ಕಿಡಿ. ಹೊಸ ಅದಿರು ಬಂದ ದಿನವೇ ಚೆನ್ನಾಗಿ ಬೆರೆಸಿ, ಒಂದು ಪ್ರಯೋಗಕ್ಕೆ ಒಂದರಂತೆ 500 ಗ್ರಾಂ ಪೊಟ್ಟಣ ಕಟ್ಟಿ, ಗಾಳಿ ಹಿಂಡಿ ಬಿಗಿಮಾಡಿ ಫ್ರೀಜರಿಗೆ ಹಾಕಿ. ಪ್ರತಿ ಪೊಟ್ಟಣದ ಮೇಲೆ ದಿನಾಂಕ ಇರಲಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ.

ಬಿಸಿ ಎಷ್ಟು ಬೇಕು

ಕಾರ್ಲ್ ಕ್ಲಾರ್ಕ್ 1920ರ ದಶಕದಲ್ಲಿ ಎಡ್ಮಂಟನ್‌ನಲ್ಲಿ ಬಿಸಿನೀರಿನ ವಿಧಾನವನ್ನು ರೂಪಿಸಿದರು. ಅದರ ಮೇಲೆ ನಿಂತ ಮೊದಲ ದೊಡ್ಡ ಕಾರ್ಖಾನೆ 1967ರಲ್ಲಿ ಶುರುವಾಯಿತು. ಅದನ್ನು ಕಾಣಲು ಅವರು ಉಳಿದಿರಲಿಲ್ಲ, 1966ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು. ಆಗ ಸುಮಾರು 80 ಡಿಗ್ರಿಯಲ್ಲಿ, ಉರುಳುವ ದೊಡ್ಡ ಡ್ರಮ್‌ಗಳಲ್ಲಿ ಅದಿರನ್ನು ಕಲಸುತ್ತಿದ್ದರು. 1990ರ ದಶಕದಲ್ಲಿ ಸ್ಲರಿಯನ್ನು ಕೆಲವು ಕಿಲೋಮೀಟರ್ ಪೈಪಿನಲ್ಲಿ ದೂಡುವ ಹೈಡ್ರೊಟ್ರಾನ್ಸ್‌ಪೋರ್ಟ್ ಬಂದ ಮೇಲೆ ಹೆಂಟೆ ಒಡೆಯುವ ಕೆಲಸವೂ ಬಿಟುಮೆನ್ ಕಳಚುವ ಕೆಲಸವೂ ಪೈಪಿನಲ್ಲೇ ಆಗತೊಡಗಿ, 50 ಡಿಗ್ರಿಗೆ, ಕೆಲವೆಡೆ ಅದಕ್ಕೂ ಕೆಳಕ್ಕೆ ಇಳಿಯಲು ಸಾಧ್ಯವಾಯಿತು. 35 ಡಿಗ್ರಿಗಿಂತ ಕೆಳಗೆ ಹೋದರೆ ಬಿಟುಮೆನ್ ತೀರ ಗಟ್ಟಿಯಾಗಿ, ಕಷ್ಟ ಎದ್ದು ಕಾಣುತ್ತದೆ.

75 ಡಿಗ್ರಿಯಲ್ಲೂ ನಿಮಗೆ ಸಿಕ್ಕಿದ್ದು ಸ್ವಲ್ಪವೇ ಅಂದರೆ ಬಿಟುಮೆನ್ನಿನ ಗಟ್ಟಿತನ ನಿಮ್ಮ ಮುಖ್ಯ ಅಡ್ಡಿಯಲ್ಲ. ಇದೊಂದು ಒಳ್ಳೆಯ ಸುಳಿವು. ಬಿಸಿ ಏರಿಸಿ ರಿಕವರಿ ಎಳೆಯಬಹುದು, ಆದರೆ ಅಷ್ಟು ನೀರು ಕಾಯಿಸಲು ಸುಡುವ ನೈಸರ್ಗಿಕ ಅನಿಲದ ಲೆಕ್ಕ ಗಣಿಯವರು ನಿಮ್ಮನ್ನು ಕೇಳುತ್ತಾರೆ. 50ರಲ್ಲೇ ಉಳಿಯಿರಿ.

"ಬಡ ಅದಿರು, ಬರೋದೇ ಇಷ್ಟು"

ನಿಮ್ಮ ಸಹೋದ್ಯೋಗಿಯ ಮಾತಿನಲ್ಲಿ ಅರ್ಧ ನಿಜವಿದೆ. ಆದರೆ ಬಡ ಅದಿರಿನಿಂದ ಎಷ್ಟು ಬರಬೇಕು ಅನ್ನುವುದಕ್ಕೆ ಈ ಗಣಿಗಳಿರುವ ಆಲ್ಬರ್ಟಾ ಪ್ರಾಂತ್ಯದ ಇಂಧನ ನಿಯಂತ್ರಕರೇ ಒಂದು ಗೆರೆ ಎಳೆದಿದ್ದಾರೆ. ಅವರ 82ನೇ ನಿರ್ದೇಶನದಂತೆ ಬಿಟುಮೆನ್ ಶೇ. 7ಕ್ಕಿಂತ ಕಡಿಮೆಯಿದ್ದರೆ ಅದನ್ನು ಅದಿರು ಎಂದು ಲೆಕ್ಕ ಹಿಡಿಯುವುದಿಲ್ಲ. ಶೇ. 11 ಅಥವಾ ಹೆಚ್ಚಿದ್ದರೆ ಶೇ. 90 ರಿಕವರಿ ಬರಬೇಕು. 11ಕ್ಕಿಂತ ಕಡಿಮೆಯಿರುವುದಕ್ಕೆ ಒಂದು ಸೂತ್ರ: ಬಿಟುಮೆನ್ ಶೇಕಡಾವನ್ನು 54.1ರಿಂದ ಗುಣಿಸಿ, ಅದರಿಂದ ಶೇಕಡಾದ ವರ್ಗದ 2.5 ಪಟ್ಟನ್ನು ಕಳೆದು, ಮತ್ತೆ 202.7 ಕಳೆಯಬೇಕು. ನಿಮ್ಮ 8.5ಕ್ಕೆ ಉತ್ತರ ಸುಮಾರು 76.5. ಈ ಲೆಕ್ಕ ಇಡೀ ಗಣಿಯ ವಾರ್ಷಿಕ ಸರಾಸರಿಗೆ ಅನ್ವಯಿಸುವಂಥದ್ದು, ನಿಮ್ಮ ಒಂದು ಬಕೆಟ್ಟಿಗಲ್ಲ. ಆದರೂ 62ಕ್ಕೆ ಕೈಚೆಲ್ಲುವುದು ಬೇಡ ಅನ್ನಲು ಇಷ್ಟು ಸಾಕು. ಮೊದಲ ತಿಂಗಳು ನೀವೇ 70 ದಾಟಿದ್ದಿರಿ.

ದ್ರಾವಕದ ಮಾತು

ಶೇ. 99 ಸುಳ್ಳಲ್ಲ. ಟಾಲ್ಯೂಯಿನ್ ಎಂಬ ದ್ರಾವಕದಲ್ಲಿ ಯಾವ ಅದಿರಿನಿಂದಾದರೂ ಬಿಟುಮೆನ್ನನ್ನು ಪೂರ್ತಿ ಕರಗಿಸಬಹುದು. ಅದಿರಿನಲ್ಲಿ ಬಿಟುಮೆನ್, ನೀರು, ಮರಳು ಎಷ್ಟೆಷ್ಟು ಎಂದು ಅಳೆಯುವ ಡೀನ್–ಸ್ಟಾರ್ಕ್ ವಿಶ್ಲೇಷಣೆಯಲ್ಲಿ ನೀವು ಪ್ರತಿದಿನ ಮಾಡುತ್ತಿರುವುದು ಅದನ್ನೇ. ಕಷ್ಟ ಶುರುವಾಗುವುದು ಕರಗಿದ ಮೇಲೆ. ಒದ್ದೆ ಮರಳಿನ ಸಂದುಗಳಲ್ಲಿ, ಅದಕ್ಕಿಂತ ಹೆಚ್ಚಾಗಿ ಜೇಡಿಯ ಗಂಟುಗಳಲ್ಲಿ, ದ್ರಾವಕ ಕೂತುಬಿಡುತ್ತದೆ. ಟೇಲಿಂಗ್ಸ್‌ನಲ್ಲಿ ಕಳೆಯುವ ದ್ರಾವಕ 1,000 ಪಾಲು ಬಿಟುಮೆನ್ನಿಗೆ 4 ಪಾಲನ್ನು ಮೀರಬಾರದು ಎಂಬ ಮಿತಿಯನ್ನು ಅದೇ ನಿಯಂತ್ರಕರು ಗಣಿಗಳ ಅನುಮತಿಪತ್ರದಲ್ಲಿ ಹಾಕುತ್ತಾರೆ. ಒಂದು ಬ್ಯಾರೆಲ್ ಕಚ್ಚಾತೈಲಕ್ಕೆ ಸುಮಾರು 2 ಟನ್ ತೈಲಮರಳು ಬೇಕು. ಅಷ್ಟು ಮರಳನ್ನು ಒಣಗಿಸಿ ದ್ರಾವಕದ ಕೊನೆಯ ತೊಟ್ಟನ್ನೂ ಹಿಂಡುವುದು ಶಾಖದ ದೊಡ್ಡ ಖರ್ಚು, ಬೆಂಕಿಯ ದೊಡ್ಡ ಅಪಾಯ. ಜೊತೆಗೆ ನುಣ್ಣನೆಯ ಜೇಡಿ ಬಿಟುಮೆನ್ನಿನೊಂದಿಗೆ ತೇಲಿ ಬರುತ್ತದೆ, ಅದನ್ನು ಸೋಸಿ ತೆಗೆಯುವುದು ಮತ್ತೊಂದು ಹೋರಾಟ. ಆಲ್ಬರ್ಟಾದ ಗಣಿಗಳಲ್ಲಿ ದೊಡ್ಡ ಪ್ರಮಾಣದ ಬೇರ್ಪಡಿಕೆ ಇಂದಿಗೂ ನೀರಿನಿಂದಲೇ ನಡೆಯುವುದು ಇದೇ ಕಾರಣಕ್ಕೆ. ಸಂಶೋಧನೆಯಾಗಿ ಇದು ಬೆಲೆಯುಳ್ಳ ದಾರಿ, ಟೇಲಿಂಗ್ಸ್ ಕೊಳವೇ ಬೇಡದ ದಿನ ಬರಲಿ ಎಂದು ನಾನೂ ಹಾರೈಸುತ್ತೇನೆ. ನಿಮ್ಮ 62ಕ್ಕೆ ಮಾತ್ರ ಇದು ಮದ್ದಲ್ಲ.

ದ್ರಾವಕಕ್ಕೆ ಜಾಗ ಇರುವುದು ಮುಂದಿನ ಹಂತದಲ್ಲಿ. ಮೇಲೆ ಬಂದ ನೊರೆಯಲ್ಲಿ ಸಾಮಾನ್ಯವಾಗಿ ಶೇ. 60 ಬಿಟುಮೆನ್, 30 ನೀರು, 10 ಘನ ಕಣ ಇರುತ್ತವೆ. ಅದನ್ನು ನ್ಯಾಫ್ತಾ ಅಥವಾ ಪ್ಯಾರಾಫಿನ್ ಜಾತಿಯ ದ್ರಾವಕದಿಂದ ಶುದ್ಧ ಮಾಡುತ್ತಾರೆ. ಆದ್ದರಿಂದ ನಿಮ್ಮ ವರದಿಯಲ್ಲಿ ರಿಕವರಿಯ ಪಕ್ಕದಲ್ಲಿ ನೊರೆಯ ಗುಣವನ್ನೂ ಬರೆಯಿರಿ. ಜೋರಾಗಿ ಕಲಕಿ ರಿಕವರಿ ಏರಿಸಿ, ನೊರೆಯ ತುಂಬ ಜೇಡಿ ತಂದರೆ ಕೆಲಸವನ್ನು ಪಕ್ಕದ ಕಟ್ಟಡಕ್ಕೆ ದಾಟಿಸಿದಂತಾಯಿತು.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ

ಹೊಸ ಅದಿರು ಬರುವವರೆಗೆ ಏನನ್ನೂ ಬದಲಿಸುವುದಿಲ್ಲ. ಬಂದ ಮೇಲೆ ಮೊದಲ ಎರಡು ಪ್ರಯೋಗ ಕಾಸ್ಟಿಕ್ ಇಲ್ಲದೆ, ಒಂದು ಅಯಾನುರಹಿತ ನೀರಿನಲ್ಲಿ, ಒಂದು ಮರುಬಳಕೆಯ ನೀರಿನಲ್ಲಿ. ಎರಡರ ನಡುವಿನ ಅಂತರ ನೀರಿನ ದೋಷ ಎಷ್ಟೆಂದು ಹೇಳುತ್ತದೆ. ಆಮೇಲೆ ಮರುಬಳಕೆಯ ನೀರಿನಲ್ಲಿ 0.01, 0.02, 0.03 ಕಾಸ್ಟಿಕ್, ಪ್ರತಿಯೊಂದೂ ಮೂರು ಸಲ. ಗಾಳಿ ಬಿಡುವ ಮೊದಲು ಕೆಲವು ನಿಮಿಷ ಬರೀ ಕಲಕಿ, ಆಮೇಲೆ ಗಾಳಿ ಕೊಡಿ. ಮೊದಲ ಕೆಲವು ನಿಮಿಷದಲ್ಲಿ ಬಂದ ನೊರೆಯನ್ನೂ ಆಮೇಲಿನದನ್ನೂ ಬೇರೆ ಬೇರೆ ಬಟ್ಟಲಿಗೆ ತೆಗೆಯಿರಿ. ಕಾರ್ಖಾನೆಯಲ್ಲಿ ಬೆಲೆಯಿರುವುದು ಬೇಗ ಬರುವ ನೊರೆಗೆ. ನಿಮ್ಮ ಸೆಲ್ಲಿನ ಜೋರು ತಿರುಗಾಟ ನಿಧಾನದ ಬಿಟುಮೆನ್ನನ್ನೂ ಎಳೆದು ತಂದು ವ್ಯತ್ಯಾಸವನ್ನು ಮುಚ್ಚಿಹಾಕುವುದುಂಟು.

ಕ್ಯಾಲ್ಸಿಯಂ ಮತ್ತು ಊದುವ ಜೇಡಿ ಎರಡೂ ಸಿಕ್ಕಿಬಿದ್ದರೆ ಕಾಸ್ಟಿಕ್ಕಿನ ಬದಲು ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುವ ವಸ್ತುಗಳನ್ನು ನೋಡಿ. ಸೋಡಿಯಂ ಕಾರ್ಬೊನೇಟ್ ಅದನ್ನು ಸುಣ್ಣದ ಕಲ್ಲಾಗಿ ಕೆಳಗಿಳಿಸುತ್ತದೆ, ಅಗ್ಗ, ಆದರೆ ನೀರಿನಲ್ಲಿ ಸೋಡಿಯಂ ಏರುತ್ತದೆ. ಸೋಡಿಯಂ ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಹಿಡಿದು ಜೇಡಿಯ ಹೊದಿಕೆ ಬೀಳದಂತೆ ನೋಡಿಕೊಳ್ಳುತ್ತದೆ, ಲ್ಯಾಬಿನಲ್ಲಿ ಒಳ್ಳೆಯ ಫಲ ಕೊಡುತ್ತದೆ, ಬೆಲೆ ಹೆಚ್ಚು, ಮಿತಿಮೀರಿದರೆ ಜೇಡಿಯನ್ನು ಚದುರಿಸಿ ಅದೇ ಗಂಜಿ ಮಾಡುತ್ತದೆ. ಸೋಡಿಯಂ ಸಿಲಿಕೇಟ್ ಹಳೆಯ ಕೈಮದ್ದು, ಕ್ಲಾರ್ಕ್ ಕಾಲದಿಂದಲೂ ಬಂದದ್ದು. ಮರಳು ಕಪ್ಪಾಗಿಯೇ ಉಳಿದಿದ್ದರೆ, ಅಂದರೆ ಕಳಚುವ ಹಂತವೇ ಸೋತಿದ್ದರೆ, ಅದಿರಿಗೆ ಅತಿ ಕಡಿಮೆ ಸೀಮೆಎಣ್ಣೆ ಚಿಮುಕಿಸಿ ಬಿಟುಮೆನ್ನನ್ನು ತೆಳ್ಳಗಾಗಿಸುವ ಪ್ರಯೋಗ ಮಾಡಬಹುದು. ಆದರೆ ಅದರ ಒಂದು ಪಾಲು ಟೇಲಿಂಗ್ಸ್‌ಗೂ ಗಾಳಿಗೂ ಸೇರುತ್ತದೆ ಅನ್ನುವುದು ಲೆಕ್ಕದಲ್ಲಿರಲಿ.

ಗಣಿಯವರ ಕೈಯಲ್ಲಿ ಇನ್ನೊಂದು ದಾರಿ ಇದೆ, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅದೇ. ಬಡ ಅದಿರನ್ನು ಒಳ್ಳೆಯದರೊಂದಿಗೆ ಬೆರೆಸಿ ಕೊಡುವುದು. ಅರ್ಧಕ್ಕರ್ಧ ಬೆರೆಸಿದರೆ ರಿಕವರಿಯೂ ಸರಾಸರಿಗೆ ಬರುತ್ತದೆ ಎಂದುಕೊಳ್ಳಬೇಡಿ. ಬಡ ಅದಿರಿನ ಜೇಡಿ, ಲವಣ ಒಳ್ಳೆಯ ಅದಿರನ್ನೂ ಕೆಳಗೆಳೆಯುವುದುಂಟು. ಶೇ. 10, 20, 30 ಬೆರೆಸಿ ನೋಡಿ, ಎಲ್ಲಿ ಗೆರೆ ದಿಢೀರನೆ ಬಾಗುತ್ತದೋ ಅದಕ್ಕಿಂತ ಹಿಂದೆ ನಿಲ್ಲಿ. ಗಣಿಯವರಿಗೆ ನೀವು ಕೊಡಬಹುದಾದ ಅತಿ ಉಪಯುಕ್ತ ಅಂಕಿ ಅದು.

ಕಾಸ್ಟಿಕ್ಕಿನ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ರಿಕವರಿಯೊಂದೇ ಕಾರಣವಲ್ಲ. ನಿಮ್ಮ ಬೀಕರಿನಲ್ಲಿ ತಿಳಿಯಾಗದ ಆ ನೀರು ಗಣಿಯಲ್ಲಿ ಕೊಳವಾಗಿ ನಿಲ್ಲುತ್ತದೆ. ಚದುರಿದ ಜೇಡಿ ಎರಡು ಮೂರು ವರ್ಷದಲ್ಲಿ ಶೇ. 30ರಷ್ಟು ಘನಾಂಶದವರೆಗೆ ಇಳಿದು, ಆಮೇಲೆ ದಶಕಗಟ್ಟಲೆ ಮೊಸರಿನಂತೆ ಹಾಗೇ ಉಳಿಯುತ್ತದೆ. ಬಿಟುಮೆನ್ನನ್ನು ಕಳಚಿದ ಅದೇ ನ್ಯಾಫ್ತೀನಿಕ್ ಸಾಬೂನು ಮೀನಿಗೆ ವಿಷ. 2008ರ ಏಪ್ರಿಲಿನಲ್ಲಿ ಇಂಥ ಒಂದು ಕೊಳದ ಮೇಲೆ ತೇಲುತ್ತಿದ್ದ ಬಿಟುಮೆನ್ನಿಗೆ ಸಿಕ್ಕಿ ಸುಮಾರು 1,600 ಬಾತುಕೋಳಿಗಳು ಸತ್ತವು. ಕೊಳಗಳ ಪಕ್ಕದಲ್ಲೇ ಅಥಬಾಸ್ಕಾ ನದಿ ಹರಿಯುತ್ತದೆ, ಅದು ಹರಿಯುವ ದಿಕ್ಕಿನಲ್ಲಿ ಮುಂದೆ, ಫೋರ್ಟ್ ಚಿಪವಾಯನ್ ಎಂಬ ಊರಿನಲ್ಲಿ ಕ್ರೀ, ದೆನೆ, ಮೆಟಿ ಎಂಬ ಮೂಲನಿವಾಸಿ ಜನ ಬದುಕಿದ್ದಾರೆ. ಶೇ. 0.03 ಕಾಸ್ಟಿಕ್ಕಿನ ಬದಲು 0.01ರಲ್ಲಿ ಅದೇ ರಿಕವರಿ ತೆಗೆಯುವ ದಾರಿ ನಿಮಗೆ ಸಿಕ್ಕರೆ ಅದನ್ನು ವರದಿಯ ಮೊದಲ ಪುಟದಲ್ಲಿ ಬರೆಯಿರಿ.

ಮುಂದಿನ ಪತ್ರದಲ್ಲಿ ನನಗೆ ಬೇಕಾದದ್ದು ನಾಲ್ಕು: ತಳದ ಮರಳಿನ ಚಿತ್ರ, ನಡುನೀರಿನ ತೊಟ್ಟಿನ ಚಿತ್ರ, ಹಳೆಯ ಮತ್ತು ಹೊಸ ಅದಿರು ತೊಳೆದ ನೀರಿನ ಕ್ಯಾಲ್ಸಿಯಂ ಹಾಗೂ ಪಿಎಚ್, ಮತ್ತು ಕಾಸ್ಟಿಕ್ ಸೊನ್ನೆಯಾಗಿದ್ದಾಗಿನ ರಿಕವರಿ. ಜಾಡಿಯಲ್ಲಿ ನೀರು ತಿಳಿಯಾಗಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡಿ.